ನೀವು ಕೇಳಿದ್ದು: ಗುಡಿಸಿದಷ್ಟೂ ಧೂಳು

ಪ್ರಶ್ನೆ: ನಮ್ಮ ಮನೆ ಅಂಕೋಲಾದಲ್ಲಿ, ಹೆದ್ದಾರಿಗೆ ಹತ್ತಿರ. ದಿನಕ್ಕೆ ಎರಡು ಸಲ ಗುಡಿಸಿದರೂ ಸಂಜೆಯೊಳಗೆ ಟಿವಿ ಮೇಜಿನ ಮೇಲೆ ಕೆಂಪು ಧೂಳು ಕೂತಿರುತ್ತದೆ. ಮಗಳು ಬೆಳಗ್ಗೆ ಎದ್ದ ಕೂಡಲೇ ಸೀನಲು ಶುರು ಮಾಡುತ್ತಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಮನೆ ಹೆದ್ದಾರಿಯ ಪೂರ್ವಕ್ಕಾ, ಪಶ್ಚಿಮಕ್ಕಾ? ನೀವು ಬರೆದಿಲ್ಲ, ಆದರೆ ಅರ್ಧ ಉತ್ತರ ಅದರಲ್ಲೇ ಇದೆ. ನಮ್ಮ ಕರಾವಳಿಯಲ್ಲಿ ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಕಡಲ ಗಾಳಿ ಏಳುತ್ತದೆ. ಸಂಜೆಯವರೆಗೂ ಅದೇ ಗಾಳಿ. ರಾತ್ರಿ ನೆಲ ತಣ್ಣಗಾದರೆ ಗಾಳಿ ತಿರುಗಿ ಘಟ್ಟದ ಕಡೆಯಿಂದ ಬರುತ್ತದೆ. ಹೆದ್ದಾರಿ 66 ಕಡಲ ದಂಡೆಯ ಜೊತೆಜೊತೆಗೇ ಉತ್ತರ-ದಕ್ಷಿಣವಾಗಿ ಹೋಗುತ್ತದೆ. ಹಾಗಾಗಿ ರಸ್ತೆಯ ಪೂರ್ವಕ್ಕಿರುವ ಮನೆಗಳಿಗೆ ಮಧ್ಯಾಹ್ನದ ಧೂಳು, ಪಶ್ಚಿಮಕ್ಕಿರುವ ಮನೆಗಳಿಗೆ ರಾತ್ರಿಯ ಧೂಳು. ನಿಮಗೆ ಸಂಜೆಯೊಳಗೆ ಧೂಳು ಕಾಣುತ್ತದೆ ಅಂದರೆ ನೀವು ಪೂರ್ವದವರೇ ಇರಬೇಕು. ಹನ್ನೊಂದು ಗಂಟೆಗೆ ರಸ್ತೆ ಕಡೆಯ ಕಿಟಕಿ ಮುಚ್ಚಿ, ಹಿತ್ತಲ ಕಡೆಯದು ತೆರೆದಿಡಿ. ಬೆಳಗಿನ ಜಾವ ಎಲ್ಲವನ್ನೂ ತೆರೆಯಿರಿ. ಇಷ್ಟಕ್ಕೇ ತುಂಬಾ ವ್ಯತ್ಯಾಸ ಗೊತ್ತಾಗುತ್ತದೆ.

ಕೆಂಪು ಧೂಳು ನಮ್ಮ ಚಿರೆಕಲ್ಲಿನ ಮಣ್ಣಿನದು. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಅದಕ್ಕೇ ಆ ಬಣ್ಣ. ಗಿಲಾಯಿ (ಪ್ಲಾಸ್ಟರ್) ಮಾಡದ ಚಿರೆಕಲ್ಲಿನ ಕಂಪೌಂಡ್ ಇದ್ದರೆ ಅದರಿಂದಲೂ ಪುಡಿ ಉದುರುತ್ತದೆ. ನಮ್ಮ ಹಿರಿಯರು ಅಂಗಳಕ್ಕೆ ನೀರು ಚಿಮುಕಿಸಿಯೇ ಗುಡಿಸುತ್ತಿದ್ದರು, ಅಲ್ವಾ? ಅದನ್ನು ಬಿಡಬೇಡಿ. ಚಪ್ಪಲಿ ಹೊರಗೇ ಇರಲಿ. ಬಾಗಿಲಲ್ಲಿ ಹೊರಗೊಂದು ತೆಂಗಿನ ನಾರಿನ ಮ್ಯಾಟು, ಒಳಗೊಂದು ಬಟ್ಟೆಯದು. ಹೊರಗಿನದನ್ನು ಆಗಾಗ ಗೇಟಿನಾಚೆ ಒಯ್ದು ಕೊಡವಿ. ಮೆಟ್ಟಿಲ ಮೇಲೆ ಕೊಡವಿದರೆ ಅದೇ ಧೂಳು ಮತ್ತೆ ಒಳಗೆ ಬರುತ್ತದೆ.

ಈಗ ಪೊರಕೆ. ಒಣ ನೆಲವನ್ನು ರಭಸದಿಂದ ಗುಡಿಸುವುದು ನನಗೆ ಸ್ವಲ್ಪವೂ ಸರಿ ಬರುವುದಿಲ್ಲ. ದಪ್ಪ ಕಸ ಮೊರಕ್ಕೆ ಬರುತ್ತದೆ, ಸಣ್ಣ ಧೂಳು ಎದ್ದು ಗಾಳಿಯಲ್ಲೇ ನಿಲ್ಲುತ್ತದೆ. ಗಂಟೆಗಟ್ಟಲೆ ಬಿಟ್ಟು ನಿಮ್ಮ ಟಿವಿ ಮೇಜಿನ ಮೇಲೆ ಇಳಿಯುವುದು ಅದೇ. ನಿಧಾನಕ್ಕೆ, ಪೊರಕೆಯನ್ನು ಎತ್ತದೆ ಗುಡಿಸಿ. ಎರಡನೇ ಸಲ ಗುಡಿಸುವ ಬದಲು ಹಿಂಡಿದ ಬಟ್ಟೆಯಲ್ಲಿ ಒರೆಸಿ. ಹೊಸ ಹುಲ್ಲಿನ ಪೊರಕೆಯಿಂದ ತಿಂಗಳುಗಟ್ಟಲೆ ಹೊಟ್ಟು ಉದುರುತ್ತದೆ. ತಂದ ದಿನವೇ ಕಲ್ಲಿಗೆ ಬಡಿದು, ನೀರಲ್ಲಿ ಜಾಲಾಡಿ, ಒಣಗಿಸಿ ಬಳಸಿ. ಒರೆಸುವಾಗ ಮೇಲಿನಿಂದ ಕೆಳಕ್ಕೆ ಬನ್ನಿ: ಫ್ಯಾನು, ಕಪಾಟಿನ ತಲೆ, ಮೇಜು, ಕೊನೆಗೆ ನೆಲ. ಫ್ಯಾನಿನ ರೆಕ್ಕೆಗೆ ಹಳೇ ದಿಂಬಿನ ಚೀಲ ತೊಡಿಸಿ ಎಳೆದರೆ ಧೂಳೆಲ್ಲ ಚೀಲದೊಳಗೇ ಬೀಳುತ್ತದೆ.

ಕಿಟಕಿಯ ಸರಳಿನ ಮೇಲೆ ಒಮ್ಮೆ ಬೆರಳು ಎಳೆದು ನೋಡಿ. ಧೂಳು ಉದುರುವುದಿಲ್ಲ, ಬೆರಳಿಗೆ ಕಪ್ಪಗೆ ಮೆತ್ತಿಕೊಳ್ಳುತ್ತದೆ. ಕಡಲ ಗಾಳಿಯಲ್ಲಿ ಬಂದ ಉಪ್ಪು ತೇವ ಹೀರಿ ಜಿಗುಟಾಗುತ್ತದೆ. ಅದರ ಮೇಲೆ ಧೂಳು ಕೂತರೆ ಒಣ ಬಟ್ಟೆಗೆ ಏನೂ ಬರುವುದಿಲ್ಲ. ಸರಳು, ಸೊಳ್ಳೆ ಬಲೆ ಎರಡನ್ನೂ ಸಿಹಿ ನೀರಿನಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆ ಹಚ್ಚಿ. ಕಬ್ಬಿಣ ತುಕ್ಕು ಹಿಡಿಯುವುದೂ ಕಡಿಮೆಯಾಗುತ್ತದೆ.

ಮಗಳ ಸೀನಿಗೆ ಮಾತ್ರ ರಸ್ತೆಯನ್ನೇ ದೂರಬೇಡಿ. ಎದ್ದ ಕೂಡಲೇ ಸೀನು ಅಂದರೆ ನನ್ನ ಅನುಮಾನ ಹಾಸಿಗೆಯ ಮೇಲೆ. ನಮ್ಮ ಚರ್ಮದಿಂದ ಉದುರುವ ಹೊಟ್ಟು ತಿಂದು ಬದುಕುವ ಧೂಳುಹುಳುಗಳು ಹಾಸಿಗೆ, ದಿಂಬಿನಲ್ಲಿ ಇರುತ್ತವೆ. ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಚಿಕ್ಕವು, ಕಣ್ಣಿಗೆ ಕಾಣುವುದಿಲ್ಲ. ಕಚ್ಚುವುದೂ ಇಲ್ಲ. ಅವುಗಳ ಹಿಕ್ಕೆಯೇ ಅನೇಕರಿಗೆ ಅಲರ್ಜಿ. ತೇವ ಇದ್ದಲ್ಲಿ ಅವು ಹೆಚ್ಚುತ್ತವೆ, ನಮ್ಮ ಕರಾವಳಿಯಲ್ಲಿ ತೇವಕ್ಕೇನು ಬರ? ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿ ನೀರಲ್ಲಿ ಒಗೆಯಿರಿ. ತಣ್ಣೀರಿಗೆ ಅವು ಸಾಯುವುದಿಲ್ಲ. ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಹೊರಗೇ ಬಡಿಯಿರಿ, ಆಗ ಮಗು ಹತ್ತಿರ ಇರಬಾರದು. ಮಲಗುವ ಕಡೆ ಬಟ್ಟೆಯ ಗೊಂಬೆಗಳ ರಾಶಿ ಬೇಡ. ಉಸಿರಾಡುವಾಗ ಸುಯ್ ಸುಯ್ ಶಬ್ದ ಬಂದರೆ, ರಾತ್ರಿ ಕೆಮ್ಮು ಇದ್ದರೆ, ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಹಳೇ ಹಂಚಿನ ಮನೆ. ಮಾಡಿನಿಂದ ಹಾಸಿಗೆ ಮೇಲೆ ಕಂದು ಪುಡಿ ಬೀಳುತ್ತದೆ. ಮುಚ್ಚಿಗೆ ಮಾಡಿಸಿದರೆ ಸಾಕಾ?

ಉತ್ತರ: ಸ್ವಲ್ಪ ತಡೆಯಿರಿ. ಮೊದಲು ಆ ಪುಡಿಯನ್ನು ಕಾಗದದ ಮೇಲೆ ಹಿಡಿದು ನೋಡಿ. ಮಸಿ, ಜೇಡರ ಬಲೆ ಕಲೆತಿದ್ದರೆ ಅದು ಸುಮ್ನೆ ಧೂಳು. ಹಿಟ್ಟಿನಂತೆ ನುಣ್ಣಗಿದ್ದು, ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ಮರಕ್ಕೆ ಕುಟ್ಟೆ, ಅಂದರೆ ಮರ ಕೊರೆಯುವ ಹುಳು, ಹಿಡಿದಿದೆ. ಮೇಲೆ ಪಕಾಸಿನಲ್ಲಿ (ಹಂಚು ಹೊರುವ ಮರದಲ್ಲಿ) ಸೂಜಿ ಚುಚ್ಚಿದಂಥ ತೂತು ಕಾಣುತ್ತದೆ. ಮಣ್ಣಿನ ಗೆರೆ ಗೋಡೆ ಹತ್ತಿದ್ದರೆ ಒರಲೆ (ಗೆದ್ದಲು). ಇವೆರಡರಲ್ಲಿ ಯಾವುದೇ ಇದ್ದರೂ, ಮುಚ್ಚಿಗೆ ಹೊಡೆದರೆ ಪುಡಿ ಬೀಳುವುದು ನಿಲ್ಲುತ್ತದೆ, ಮರ ತಿನ್ನುವುದು ನಿಲ್ಲುವುದಿಲ್ಲ. ನಿಮಗೆ ಕಾಣುವುದೂ ಇಲ್ಲ. ಬಡಗಿಯನ್ನು ಹತ್ತಿಸಿ, ಟೊಳ್ಳಾದ ಪಕಾಸು ಬದಲಿಸಿ, ಉಳಿದದ್ದಕ್ಕೆ ಔಷಧಿ ಹಚ್ಚಿಸಿ. ನಮ್ಮ ಕಡೆ ಗೇರು ಸಿಪ್ಪೆಯ ಎಣ್ಣೆ ಹಚ್ಚುವ ರೂಢಿ ಇದೆ, ಒಳ್ಳೆಯದೇ. ಆದರೆ ಅದು ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಈ ಕೆಲಸ ಮಳೆಗಾಲಕ್ಕೆ ಮುಂಚೆಯೇ ಆಗಲಿ. ಮುಚ್ಚಿಗೆ ಆಮೇಲೆ. ಅಲ್ಲಿಯವರೆಗೆ ಮಂಚದ ಮೇಲೊಂದು ಹಳೇ ಸೀರೆ ಕಟ್ಟಿಕೊಳ್ಳಿ.

ಪ್ರಶ್ನೆ: ಕಾರವಾರದ ಫ್ಲಾಟಿಗೆ ಏರ್ ಪ್ಯೂರಿಫೈಯರ್ ಬೇಕಾ?

ಉತ್ತರ: ಕಿಟಕಿ ತೆರೆದಿಡುವ ಮನೆಗೆ ಬೇಡ, ದುಡ್ಡು ದಂಡ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಅವರು ಮಲಗುವ ಕೋಣೆಗೆ ಮಾತ್ರ, ಬಾಗಿಲು ಮುಚ್ಚಿ ಬಳಸುವುದಾದರೆ, ತೀರಾ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನು ಕೊಳ್ಳಿ. ಓಜೋನ್ ಬಿಡುವ ಮಾದರಿ ಬೇಡವೇ ಬೇಡ. ಮೇಜಿನ ಮೇಲೆ ಆಗಲೇ ಕೂತ ಧೂಳನ್ನು ಯಾವ ಯಂತ್ರವೂ ತೆಗೆಯುವುದಿಲ್ಲ, ಅದಕ್ಕೆ ಒದ್ದೆ ಬಟ್ಟೆಯೇ ಬೇಕು.