ಸೊನ್ನೆಗೂ 944ಕ್ಕೂ ಒಂದೇ ಅಕ್ಷ

ಪ್ರಶ್ನೆ: ಮುಂಬೈನ ಸಾಂತಾಕ್ರೂಜ್‌ನ ದಿನವಾರು ಮಳೆಯನ್ನು ಆರ್ ತಂತ್ರಾಂಶದಲ್ಲಿ ಗ್ರಾಫ್ ಮಾಡುತ್ತಿದ್ದೇನೆ. 2005ರ ಜುಲೈನ ಆ 944 ಮಿ.ಮೀ. ಒಂದೇ ಉಳಿದ ದಿನಗಳನ್ನೆಲ್ಲ ತಳಕ್ಕೆ ಒತ್ತಿಬಿಡುತ್ತದೆ. ಲಾಗ್ (ಲಘುಗಣಕ) ಹಾಕಿದರೆ ಮಳೆಯಿಲ್ಲದ ದಿನಗಳೇ ಮಾಯ. ವರ್ಗಮೂಲ ತೆಗೆದರೆ ಅಕ್ಷದಲ್ಲಿ 0, 10, 20, 30 ಎಂದು ಬರುತ್ತದೆ, ನೋಡಿದವರು ಅದನ್ನೇ ಮಿ.ಮೀ. ಅಂದುಕೊಳ್ಳುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ವರ್ಗಮೂಲವನ್ನು ಬಿಡಬೇಡಿ, ಮಳೆಗೆ ಅದು ಒಗ್ಗುತ್ತದೆ. ಸೊನ್ನೆಯ ವರ್ಗಮೂಲ ಸೊನ್ನೆಯೇ. ಸೊನ್ನೆಗೆ ಲಾಗ್ ಇಲ್ಲ. ಒಂದು ಕೂಡಿಸಿ ಲಾಗ್ ತೆಗೆಯುವವರೂ ಇದ್ದಾರೆ. ಆದರೆ ಆ ಒಂದು ಮಿಲಿಮೀಟರೋ ಇಂಚೋ ಎಂಬುದರ ಮೇಲೆ ಗ್ರಾಫಿನ ಆಕಾರವೇ ಬದಲಾಗುತ್ತದೆ.

ಗುರುತು ಕೂರುವ ಜಾಗ ವರ್ಗಮೂಲದ ಲೆಕ್ಕದಲ್ಲಿರಲಿ, ಪಕ್ಕದ ಬರಹ ಮಿ.ಮೀ.ನಲ್ಲಿರಲಿ. ಮೊದಲು ಓದಲು ಸುಲಭವಾದ ಅಂಕಿಗಳನ್ನು ಆರಿಸಿ: 0, 10, 50, 100, 200, 500, 1000. ಅವು ಕೂರುವ ಜಾಗ ಕ್ರಮವಾಗಿ 0, 3.16, 7.07, 10, 14.14, 22.36, 31.62. ಪ್ಲಾಟ್ ಆದೇಶದಲ್ಲಿ ತಾನಾಗಿ ಬರುವ ವೈ ಅಕ್ಷವನ್ನು ನಿಲ್ಲಿಸಿ, ಮೇಲಿನ ಮಿತಿಯನ್ನು 31.7 ಮಾಡಿ, ಇಲ್ಲವಾದರೆ 1000ಕ್ಕೆ ಜಾಗವೇ ಸಿಗದು. ಆಮೇಲೆ ಆಕ್ಸಿಸ್ ಆದೇಶದ 'ಅಟ್' ಎಂಬಲ್ಲಿ ವರ್ಗಮೂಲಗಳನ್ನು, 'ಲೇಬಲ್ಸ್' ಎಂಬಲ್ಲಿ ಮೂಲ ಅಂಕಿಗಳನ್ನು ಕೊಡಿ. ಎರಡರ ಎಣಿಕೆ ಒಂದೇ ಇರಬೇಕು. ಲೇಬಲ್‌ಗಳು ಒಂದಕ್ಕೊಂದು ತಾಗುವಂತಿದ್ದರೆ ಆರ್ ಕೆಲವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅಕ್ಷರಗಳನ್ನು ಅಡ್ಡಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸ್ಟೇಟಾ ತಂತ್ರಾಂಶದಲ್ಲಾದರೆ ವೈಲೇಬಲ್ ಒಳಗೆ ಪ್ರತಿ ಜಾಗದ ಪಕ್ಕದಲ್ಲೇ ಅದರ ಬರಹವನ್ನು ಉದ್ಧರಣ ಚಿಹ್ನೆಯಲ್ಲಿಡಿ.

ಗಡಿರೇಖೆ ಎಳೆಯುವಾಗಲೇ ಹೆಚ್ಚಿನವರು ಎಡವುವುದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 64.5 ಮಿ.ಮೀ.ನಿಂದ ಭಾರಿ ಮಳೆ, 204.5ರಿಂದ ಅತ್ಯಂತ ಭಾರಿ. ಆ ಗೆರೆಗಳನ್ನೂ 8.03 ಮತ್ತು 14.30ರಲ್ಲಿ ಎಳೆಯಬೇಕು. 64.5 ಎಂದೇ ಬರೆದರೆ ಗೆರೆ ಗ್ರಾಫಿನಾಚೆ ಹೋಗುತ್ತದೆ, ತಪ್ಪಿನ ಸಂದೇಶವೂ ಬಾರದು.

ಆರ್‌ನಲ್ಲೇ ಗ್ರಾಫ್‌ಗೆಂದಿರುವ ಜಿಜಿಪ್ಲಾಟ್ ಪ್ಯಾಕೇಜ್ ಬಳಸಿದರೆ ಈ ಲೆಕ್ಕಾಚಾರವೆಲ್ಲ ಬೇಡ: ವರ್ಗಮೂಲದ ಸ್ಕೇಲ್ ಹಾಕಿ ಬ್ರೇಕ್ಸ್‌ನಲ್ಲಿ ಮಿ.ಮೀ. ಅಂಕಿಗಳನ್ನೇ ಕೊಡಿ. ಆದರೆ ಸ್ಕೇಲ್ ಬದಲಿಸಿದಾಗ ಸರಾಸರಿಯ ಲೆಕ್ಕವೂ ವರ್ಗಮೂಲಗಳ ಮೇಲೆಯೇ ನಡೆಯುತ್ತದೆ. ಮಿ.ಮೀ.ಗಳ ಸರಾಸರಿ ಬೇಕಿದ್ದರೆ ಸ್ಕೇಲ್ ಬಿಟ್ಟು, ಲೆಕ್ಕ ಮುಗಿದ ಮೇಲೆ ಅಕ್ಷ ಬದಲಿಸುವ ಕೋಆರ್ಡ್ ಕಡೆಯಿಂದ ಬದಲಿಸಿ.

ಅಂದಹಾಗೆ, ಇಲಾಖೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಮಳೆಯನ್ನು ಆ ಬೆಳಗಿನ ತಾರೀಖಿಗೆ ಬರೆಯುತ್ತದೆ. 944 ನಿಮಗೆ ಜುಲೈ 26ರಲ್ಲಿ ಕಾಣದಿದ್ದರೆ 27ರಲ್ಲಿ ಹುಡುಕಿ.

ಪ್ರಶ್ನೆ: ಲಾಗ್ ಅಕ್ಷದಲ್ಲಿ ಕಂಬಗಳ ಗ್ರಾಫ್ ಹಾಕಬಹುದೇ?
— ಓದುಗರು, ಫೋಂಡಾ, ಗೋವಾ

ಉತ್ತರ: ಬೇಡ. ಅಕ್ಷ 1ರಿಂದ ಶುರುವಾದರೆ 100ರ ಕಂಬ 10ರ ಕಂಬದ ಎರಡರಷ್ಟು ಎತ್ತರ, 0.1ರಿಂದ ಶುರುವಾದರೆ ಒಂದೂವರೆಯಷ್ಟು. ಅಂಕಿ ಅದೇ, ಎತ್ತರ ಬೇರೆ. ಚುಕ್ಕೆ ಇಡಿ.