ಫ್ರಿಗೇಟ್ ಮಾರಿ, ಆಟ ಬಿಡಬೇಡಿ

"ಸೀ ಡಾಗ್ಸ್: ಟು ಈಚ್ ಹಿಸ್ ಓನ್ ಅನ್ನೋ ಕಂಪ್ಯೂಟರ್ ಆಟ ಆಡ್ತಾ ಇದ್ದೀನಿ. ದೊಡ್ಡ ಯುದ್ಧನೌಕೆ, ಒಂದು ಫ್ರಿಗೇಟ್ ಸಿಕ್ಕಿದೆ, ಆದರೂ ಎಲ್ಲ ಕಾಳಗದಲ್ಲೂ ಸೋಲ್ತಾ ಇದ್ದೀನಿ. ಅರ್ಧ ಜನ ಇದು ಅದ್ಭುತ ಅಂತಾರೆ, ಇನ್ನರ್ಧ ಜನ ಕಸ ಅಂತಾರೆ. ಕಷ್ಟದ ಮಟ್ಟ ಇಳಿಸಲಾ, ಇಲ್ಲ ಬೇರೆ ಕಡಲ್ಗಳ್ಳರ ಆಟ ತಗೊಳ್ಳಲಾ?" ಅಂತ ಕೇಳಿದ್ದೀರಿ.

"ಫ್ರಿಗೇಟ್ ಸಿಕ್ಕಿದೆ, ಆದರೂ" ಅಂತ ಬರೆದಿದ್ದೀರಲ್ಲ, ಆ "ಆದರೂ" ನೋಡಿ ನನಗೆ ನಗು ಬಂತು. ಕ್ಷಮಿಸಿ. ಅಲ್ಲಿ ಇರಬೇಕಾದ್ದು "ಆದರೂ" ಅಲ್ಲ, "ಅದಕ್ಕೇ".

ನನಗೂ ಹೀಗೇ ಸಿಕ್ಕಿತ್ತು. ಮೊದಲ ಸಲ ಆಡುವಾಗ ಸುಮಾರು 12 ಗಂಟೆ ಆಟ ಆಗಿತ್ತು. ಕೈಯಲ್ಲಿದ್ದದ್ದು ಲಗರ್ ಅನ್ನುವ ಒಂದು ಪುಟ್ಟ ಹಾಯಿಹಡಗು, ಅದರಲ್ಲಿ ಒಂದಷ್ಟು ಪುಟ್ಟ ಫಿರಂಗಿ, ಹೆಂಡದಂಗಡಿಯಲ್ಲಿ ಸಿಕ್ಕ ಜನ. ಮಾರ್ಟಿನಿಕ್‌ನ ಸೇಂಟ್ ಪಿಯರ್ ಬಂದರಿನಿಂದ ಆಗಷ್ಟೇ ಹೊರಟಿದ್ದೆ. ನೋಡಿದರೆ ಎದುರಿಗೆ ಒಂದು ಸ್ಪ್ಯಾನಿಷ್ ಫ್ರಿಗೇಟ್. ನಾನು ಫ್ರೆಂಚ್ ಬಾವುಟದವನು, ಕೋಟೆಯೂ ಫ್ರೆಂಚರದ್ದು. ಫ್ರಿಗೇಟ್ ನನ್ನನ್ನು ಅಟ್ಟಿಸಿಕೊಂಡು ಬಂತು, ನಾನು ಹೆದರಿ ಕೋಟೆಯ ಕಡೆಗೇ ಹಡಗು ತಿರುಗಿಸಿದೆ. ಅದರಲ್ಲಿ ಯಾವ ಜಾಣತನವೂ ಇರಲಿಲ್ಲ, ಬರೀ ಭಯ. ಆದರೆ ಕೋಟೆಯ ಫಿರಂಗಿಗಳು ಅದರ ಹಾಯಿ ಹರಿದು, ಅರ್ಧಕ್ಕರ್ಧ ಜನರನ್ನು ಉರುಳಿಸಿಬಿಟ್ಟವು. ಉಳಿದವರ ಮೇಲೆ ನಾನು ಚೂರುಗುಂಡು ಹೊಡೆದೆ. ಕೊಕ್ಕೆ ಎಸೆದು, ಹತ್ತಿ, ಕ್ಯಾಪ್ಟನ್ನನನ್ನು ಮುಗಿಸಿದೆ.

ಫ್ರಿಗೇಟ್ ನನ್ನದಾಯಿತು. ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದೆ. ಆಮೇಲೆ ಕೂತು ಸೇವ್ ಮಾಡಿದೆ, ಇದ್ದ ಒಂದೇ ಸೇವ್‌ನ ಮೇಲೆ.

ಈ ಸೇವ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹಡಗು.

ಈ ಆಟದಲ್ಲಿ ಹಡಗುಗಳಿಗೆ ಕ್ಲಾಸ್ ಇದೆ. 1 ಅಂದರೆ ಅತಿ ದೊಡ್ಡದು, ನಂಬರ್ ಜಾಸ್ತಿಯಾದಷ್ಟೂ ಹಡಗು ಚಿಕ್ಕದು. ಪ್ರತಿ ಕ್ಲಾಸಿಗೂ ಇಷ್ಟು ನ್ಯಾವಿಗೇಶನ್ ಸ್ಕಿಲ್, ಅಂದರೆ ಹಡಗು ಓಡಿಸುವ ಸ್ಕಿಲ್, ಇರಲೇಬೇಕು ಅಂತ ಲೆಕ್ಕ ಇದೆ. ಇಲ್ಲದಿದ್ದರೆ ಆಟ ನಿಮ್ಮನ್ನು ತಡೆಯುವುದಿಲ್ಲ. ಅದೇ ಮೋಸ. ಹತ್ತಿಕೋ ಅನ್ನುತ್ತದೆ, ಚುಕ್ಕಾಣಿ ಹಿಡಿ ಅನ್ನುತ್ತದೆ, ಆಮೇಲೆ ಸದ್ದಿಲ್ಲದೆ ನಿಮ್ಮ ಸ್ಕಿಲ್‌ಗಳನ್ನೆಲ್ಲ ಕತ್ತರಿಸುತ್ತದೆ. ಹಡಗು ಓಡಿಸುವ ಸ್ಕಿಲ್ ಒಂದೇ ಅಲ್ಲ, ಎಲ್ಲವೂ. ಫಿರಂಗಿಯ ಗುರಿ, ವ್ಯಾಪಾರ, ಕೊನೆಗೆ ಕತ್ತಿ ಹಿಡಿಯುವುದು ಕೂಡ. ನೆಲದ ಮೇಲೆ ಒಬ್ಬ ಸಾಮಾನ್ಯ ಕಳ್ಳನ ಜೊತೆ ಹೊಡೆದಾಡುವಾಗಲೂ ನೀವು ಸೋಲುತ್ತಿದ್ದರೆ ಕಾರಣ ಬಂದರಿನಲ್ಲಿ ಲಂಗರು ಹಾಕಿ ನಿಂತಿದೆ. ಸ್ಕಿಲ್‌ಗಳನ್ನು ತೋರಿಸುವ ನನ್ನ ಕ್ಯಾರೆಕ್ಟರ್ ಪುಟದಲ್ಲಿ ಅಂಕಿಗಳು ಕೆಂಪಾಗಿದ್ದವು. ನಾನು ಅದನ್ನು ಚೆಂದಕ್ಕೆ ಹಾಕಿದ ಬಣ್ಣ ಅಂದುಕೊಂಡಿದ್ದೆ! ನಿಜವಾಗಿ. ಎಷ್ಟೋ ಗಂಟೆ ಹಾಗೇ ಅಂದುಕೊಂಡಿದ್ದೆ.

ಇನ್ನು ಜನ. ಲಗರ್‌ಗೆ ನಲವತ್ತು ಚಿಲ್ಲರೆ ಜನ ಸಾಕಾಗಿತ್ತು. ಅವರನ್ನೇ ಫ್ರಿಗೇಟ್‌ಗೆ ಹತ್ತಿಸಿದರೆ ಮದುವೆ ಛತ್ರದಲ್ಲಿ ಮೂರು ಜನ ಬಡಿಸಲು ನಿಂತ ಹಾಗೆ. ಫಿರಂಗಿಗೆ ಮದ್ದು ತುಂಬುವಷ್ಟರಲ್ಲಿ ಎದುರಿನವನು ಎರಡು ಸಲ ಹೊಡೆದು ಮುಗಿಸಿರುತ್ತಿದ್ದ. ಜನ ತುಂಬಿಸೋಣ ಅಂತ ಊರೂರು ಅಲೆದೆ. ಹೆಂಡದಂಗಡಿಯಲ್ಲಿ ಒಂದು ಸಲಕ್ಕೆ ಸಿಗುವವರು ಕೆಲವರೇ. ತುಂಬಿದ ಮೇಲೆ ಅವರಿಗೆಲ್ಲ ತಿಂಗಳ ಸಂಬಳ, ಊಟ, ಔಷಧಿ, ರಮ್. ಹೌದು, ಈ ಆಟದಲ್ಲಿ ರಮ್ ಬರೀ ಮಾರುವ ಸರಕಲ್ಲ. ಅದು ಇದ್ದರೆ ಜನ ಖುಷಿಯಾಗಿರುತ್ತಾರೆ. ನನ್ನ ಪೆಸೊಗಳು ಎರಡೇ ತಿಂಗಳಲ್ಲಿ ಕರಗಿದವು. ಸಂಬಳ ಕೊಡಲಾಗಲಿಲ್ಲ, ಜನರ ಮೊರಾಲ್, ಅಂದರೆ ಹುಮ್ಮಸ್ಸು, ಬಿತ್ತು, ದಂಗೆ ಎದ್ದರು. ನನ್ನ ಹಡಗಿನ ಮೇಲೆ ನನ್ನ ಜನರ ಜೊತೆಯೇ ನಾನು ಕತ್ತಿ ಹಿಡಿದು ನಿಂತೆ. ಅದೂ ಆ ಕೆಂಪು ಅಂಕಿಗಳ ಜೊತೆ.

ಇದೆಲ್ಲ ಸಹಿಸಬಹುದಿತ್ತು. ನನ್ನನ್ನು ನಿಜವಾಗಿ ಮುಳುಗಿಸಿದ್ದು ಗಾಳಿ.

ಫ್ರಿಗೇಟ್‌ನ ದೊಡ್ಡ ಹಾಯಿಗಳು ಚೌಕಾಕಾರದವು, ಕಂಬಕ್ಕೆ ಅಡ್ಡಲಾಗಿ ಕಟ್ಟಿದವು. ಗಾಳಿ ಬೆನ್ನಿಗಿದ್ದರೆ ಕುದುರೆಯ ಹಾಗೆ ಓಡುತ್ತದೆ. ಗಾಳಿ ಎದುರಿಗೆ ಬಂದರೆ ಗೋಡೆಗೆ ಮುಖ ಕೊಟ್ಟ ಹಾಗೆ. ಲಗರ್, ಸ್ಕೂನರ್‌ನಂಥ ಚಿಕ್ಕ ಹಡಗುಗಳ ಹಾಯಿ ಹಾಗಲ್ಲ, ಹಡಗಿನ ಉದ್ದಕ್ಕೇ ಇರುತ್ತದೆ. ಗಾಳಿಗೆ ಓರೆಯಾಗಿ ನುಗ್ಗಿಕೊಂಡು ಹೋಗುತ್ತದೆ. ನಿಜವಾದ ಕಡಲಿನಲ್ಲೂ ಇದು ಹೀಗೇ. ಕೆರಿಬಿಯನ್‌ನಲ್ಲಿ ಕಡಲ್ಗಳ್ಳರು ಸ್ಲೂಪು, ಸ್ಕೂನರ್‌ಗಳನ್ನು ಇಷ್ಟಪಟ್ಟದ್ದು ಬಡತನಕ್ಕಲ್ಲ. ಆಳ ಕಡಿಮೆ ಇದ್ದಲ್ಲಿ ನುಸುಳಬಹುದು, ಗಾಳಿಗೆ ಎದುರಾಗಿ ತಪ್ಪಿಸಿಕೊಳ್ಳಬಹುದು, ದೊಡ್ಡ ಯುದ್ಧನೌಕೆ ಹಿಂದೆ ಬರಲು ಒದ್ದಾಡುತ್ತಿರುತ್ತದೆ.

ಇದನ್ನು ನನಗೆ ಕಲಿಸಿದ್ದು ಎರಡು ಕಂಬದ ಒಂದು ಸ್ಕೂನರ್. ನನ್ನ ಮೂರನೇ ಒಂದು ಪಾಲು ಕೂಡ ಇರಲಿಲ್ಲ. ನೋಡಿ ಅಯ್ಯೋ ಪಾಪ ಅನ್ನಿಸಿತು. ಅದು ಗಾಳಿಯ ಮೇಲಿನ ಬದಿಯಲ್ಲಿ, ಅಂದರೆ ಗಾಳಿ ಬೀಸಿ ಬರುವ ಕಡೆ ಇತ್ತು, ನಾನು ಕೆಳಗಿನ ಬದಿಯಲ್ಲಿ. ನಾನು ತಿರುಗಲು ಹೋದೆ. ಮೂತಿ ಗಾಳಿಗೆ ಎದುರಾಯಿತು, ವೇಗದ ಅಂಕಿ ಇಳಿಯುತ್ತಾ ಹೋಯಿತು. ಐದು. ಮೂರು. ಒಂದು. ಹಾಯಿ ಜೋತು ಬಿದ್ದವು. ಸ್ಕೂನರ್ ಆರಾಮಾಗಿ ನನ್ನ ಹಿಂಬದಿಗೆ ಬಂತು. ಅಲ್ಲಿ ನನ್ನ ಫಿರಂಗಿ ತಿರುಗುವುದಿಲ್ಲ. ಅಲ್ಲೇ ನಿಂತು ಚೂರುಗುಂಡು ಹೊಡೆಯಿತು. ತುಂಬಿತು, ಮತ್ತೆ ಹೊಡೆಯಿತು. ಹತ್ತು ನಿಮಿಷ ನಾನು ಒಂದೇ ಒಂದು ಗುಂಡು ಹೊಡೆಯದೆ ನನ್ನ ಜನರ ಸಂಖ್ಯೆ ಇಳಿಯುವುದನ್ನು ನೋಡುತ್ತಾ ಕೂತೆ.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ನಾನು ತೂರಲೂ ಇಲ್ಲ, ಗಾಳಿ ಎಲ್ಲಿಂದ ಬರುತ್ತಿದೆ ಅಂತ ನೋಡಲೂ ಇಲ್ಲ.

ಈಗ ಸೇವ್. ಮುಖ್ಯ ಕಥೆಯಲ್ಲಿ ಕೆಲವು ಕೆಲಸಗಳಿಗೆ ಗಡುವು ಇದೆ. ಡೈರಿಯಲ್ಲಿ ಬರೆದಿರುತ್ತದೆ, ಓದದಿದ್ದರೆ ಅದು ನಿಮ್ಮ ಹಣೆಬರಹ. ನಾನು ಫ್ರಿಗೇಟ್‌ಗೆ ಜನ ಹುಡುಕುತ್ತಾ, ಗಾಳಿಗೆ ಎದುರಾಗಿ ತೆವಳುತ್ತಾ ತಿಂಗಳುಗಳನ್ನು ಕಳೆದಿದ್ದೆ. ಗಡುವು ದಾಟಿತು, ಕೆಲಸ ಕೈತಪ್ಪಿತು. ಹಿಂದೆ ಹೋಗೋಣ ಅಂದರೆ ಇದ್ದದ್ದು ಒಂದೇ ಸೇವ್. ಪ್ರತಿ ಸಲವೂ ಅದರ ಮೇಲೇ ಸೇವ್ ಮಾಡಿದ್ದೆ. ಲಗರ್ ಕಾಲದ ಆಟ ಉಳಿದಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಸರಿ ಮಾಡಿಕೊಳ್ಳುತ್ತಿದ್ದೆ. ಇರಲಿಲ್ಲ. ಆಟ ತೆಗೆದುಹಾಕಿದೆ, "ಇದು ಆಡುವಂಥದ್ದಲ್ಲ" ಅಂತ ನಾನೂ ಒಂದು ವಿಮರ್ಶೆ ಗೀಚಿದೆ. ನೀವು ಓದಿದ ಆ ಅರ್ಧ ಜನರಲ್ಲಿ ನಾನೂ ಒಬ್ಬನಿರಬಹುದು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಹಾಗಂತ ಬೈಯುವವರೆಲ್ಲ ಸುಳ್ಳು ಹೇಳುತ್ತಿಲ್ಲ. 2012ರ ಆಟ, ಮಾಡಿದವರು ಬ್ಲ್ಯಾಕ್‌ಮಾರ್ಕ್ ಸ್ಟುಡಿಯೋ. ಆದರೆ ಒಳಗಿನ ಎಂಜಿನ್, ಅಂದರೆ ಆಟ ಓಡಿಸುವ ಸಾಫ್ಟ್‌ವೇರ್, ಇನ್ನೂ ಹಳೆಯದು, 2000ದಲ್ಲಿ ಅಕೆಲ್ಲಾ ಕಂಪನಿ ತಂದ ಮೊದಲ ಸೀ ಡಾಗ್ಸ್‌ನ ವಂಶದ್ದು. ನೆಲದ ಮೇಲೆ ನಡೆಯುವುದು ಮರದ ಬೊಂಬೆ ನಡೆದ ಹಾಗೆ. ರಷ್ಯನ್‌ನಿಂದ ಬಂದ ಇಂಗ್ಲಿಷ್ ಮಾತು ಎಷ್ಟೋ ಕಡೆ ಎಡವುತ್ತದೆ. ಆದರೆ ಇವೆಲ್ಲ ನಿಮ್ಮ ಸೋಲಿಗೆ ಕಾರಣ ಅಲ್ಲ, ಅಲ್ವಾ?

ಈಗ ನಿಮ್ಮ ಪ್ರಶ್ನೆ. ಕಷ್ಟದ ಮಟ್ಟ ಇಳಿಸಲಾ ಅಂದಿರಿ. ಇಳಿಸಿದರೆ ಶತ್ರು ಮೆತ್ತಗಾಗುತ್ತಾನೆ, ಗಾಳಿ ದಿಕ್ಕು ಬದಲಿಸುವುದಿಲ್ಲ. ತಪ್ಪು ಹಡಗಿನಲ್ಲಿ ನಿಧಾನವಾಗಿ ಸೋಲುತ್ತೀರಿ, ಅಷ್ಟೇ. ಬೇರೆ ಆಟ ತಗೊಳ್ಳಲಾ ಅಂದಿರಿ. ತಗೊಳ್ಳಿ, ಯಾರು ಬೇಡ ಅಂದರು? ಆದರೆ ಇದರ ಬದಲಿಗೆ ಅದು ಅಂತ ತಗೋಬೇಡಿ. ನನ್ನ ಅನುಮಾನ ಏನೆಂದರೆ ನಿಮಗೆ ಈ ಫ್ರಿಗೇಟ್ ಆಸೆ ಹುಟ್ಟಿಸಿದ್ದೇ ಆ ಬೇರೆ ಆಟಗಳು. ನನಗಂತೂ ಹಾಗೇ ಆಗಿತ್ತು. 2013ರ ಅಸ್ಯಾಸಿನ್ಸ್ ಕ್ರೀಡ್ ಬ್ಲ್ಯಾಕ್ ಫ್ಲ್ಯಾಗ್‌ನಲ್ಲಿ ಜ್ಯಾಕ್‌ಡಾ ಅನ್ನುವ ಒಂದೇ ಹಡಗನ್ನು ಕೊನೆಯವರೆಗೂ ಬಲಪಡಿಸುತ್ತಾ ಹೋಗುತ್ತೀರಿ. ಫಿರಂಗಿ ಹೆಚ್ಚಿದಷ್ಟೂ ಗೆಲುವು ಹತ್ತಿರ, ಹಡಗು ಹೇಳಿದ ಮಾತು ಕೇಳುತ್ತದೆ. ಬಹಳ ಚೆಂದದ ಆಟ, ನಾವಿಕರು ಹಾಡುವುದನ್ನು ಕೇಳಲಿಕ್ಕೇ ನಾನು ಸುಮ್ನೆ ಸುತ್ತಿದ್ದೇನೆ. 2018ರ ಸೀ ಆಫ್ ಥೀವ್ಸ್‌ನಲ್ಲಿ ಹಾಯಿ, ಗಾಳಿ ಎಲ್ಲ ಇದೆ, ಆದರೆ ಅದು ಸ್ನೇಹಿತರ ಜೊತೆ ಗಲಾಟೆ ಮಾಡುವ ಆಟ. ಎಷ್ಟು ಚಿನ್ನ ಗಳಿಸಿದರೂ ಕತ್ತಿಯ ಬಣ್ಣ ಬದಲಾಗುತ್ತದೆ, ಅದರ ಏಟು ಜಾಸ್ತಿಯಾಗುವುದಿಲ್ಲ. 2024ರ ಸ್ಕಲ್ ಆ್ಯಂಡ್ ಬೋನ್ಸ್‌ನಲ್ಲಿ ಶತ್ರು ಹಡಗು ಹತ್ತಿ ನೀವೇ ಕತ್ತಿ ಬೀಸುವ ಅವಕಾಶವೇ ಇಲ್ಲ, ನನಗೆ ಅಲ್ಲಿಗೇ ಸಾಕಾಯಿತು. ಇವು ಯಾವುದರಲ್ಲೂ ಸಂಬಳದ ದಿನ ಹತ್ತಿರ ಬಂತು ಅಂತ ಹೊಟ್ಟೆಯಲ್ಲಿ ತಳಮಳ ಆಗುವುದಿಲ್ಲ. ನನಗೆ ಆ ತಳಮಳವೇ ಬೇಕು.

ಇನ್ನೊಂದು ವಿಷಯ, ನಿಮ್ಮ ಪ್ರಶ್ನೆಗೆ ಸಂಬಂಧ ಇಲ್ಲದಿದ್ದರೂ. ಆಟದ ಶುರುವಿನಲ್ಲಿ ನಾಯಕ ಶಾರ್ಲ್‌ನ ಅಣ್ಣ ಮಾಲ್ಟಾದ ನೈಟ್‌ಗಳ, ಅಂದರೆ ಅಲ್ಲಿನ ಕ್ರೈಸ್ತ ಯೋಧರ ಸಂಘದವರ, ಕೈಯಲ್ಲಿ ಸಾಲದ ಕೈದಿಯಾಗಿರುತ್ತಾನಲ್ಲ, ಮೆಡಿಟರೇನಿಯನ್‌ನ ಮಾಲ್ಟಾದವರಿಗೆ ಕೆರಿಬಿಯನ್‌ನಲ್ಲಿ ಏನು ಕೆಲಸ ಅಂತ ನಾನು ನಕ್ಕಿದ್ದೆ. ಆಮೇಲೆ ಓದಿದರೆ ಅದು ನಿಜ! 1651ರಲ್ಲಿ ಅವರು ಸೇಂಟ್ ಕಿಟ್ಸ್ ಸೇರಿ ಕೆಲವು ದ್ವೀಪಗಳನ್ನು ಕೊಂಡುಕೊಂಡಿದ್ದರು, 1665ರಲ್ಲಿ ಮಾರಿ ಕೈತೊಳೆದುಕೊಂಡರು. ಅಲ್ಲಿನ ಗವರ್ನರ್ ದ ಪ್ವಾನ್ಸಿ ಕೂಡ ಇತಿಹಾಸದವನೇ. ಇಷ್ಟು ಓದಿ ಕಥೆ ಕಟ್ಟಿದವರು ಕಾರಣ ಇಲ್ಲದೆ ನಮ್ಮನ್ನು ಸೋಲಿಸಿರಲಾರರು ಅನ್ನಿಸಿತು. ಹಾಗಾಗಿಯೇ ಕೆಲವು ತಿಂಗಳ ನಂತರ ಮತ್ತೆ ಹಾಕಿಕೊಂಡೆ.

ಎರಡನೇ ಸಲ ಲಗರ್ ಬಿಡಲೇ ಇಲ್ಲ. ಕಾಳಗ ಶುರುವಾದ ಕೂಡಲೇ ಮೊದಲ ಕೆಲಸ ಗಾಳಿಯ ಮೇಲಿನ ಬದಿಗೆ ಹೋಗುವುದು. ಗುಂಡು ಹೊಡೆಯುವ ಆತುರವೇ ಇಲ್ಲ. ಆಮೇಲೆ ಸರಪಳಿ ಗುಂಡಿನಿಂದ ಅವನ ಹಾಯಿ ಹರಿಯುವುದು. ವೇಗ ಸತ್ತ ಮೇಲೆ ಹಿಂಬದಿಗೆ ಹೋಗಿ, ಚೂರುಗುಂಡಿನಿಂದ ಜನ ಕಡಿಮೆ ಮಾಡುವುದು. ಮಾಮೂಲಿ ಗುಂಡು ಹೊಡೆದು ಹಡಗಿನ ಮೈ ತೂತು ಮಾಡಿದರೆ ಅದು ಮುಳುಗುತ್ತದೆ, ಸರಕೂ ಮುಳುಗುತ್ತದೆ. ಇದರಲ್ಲಿ ಸ್ಕಿಲ್ ಬೆಳೆಯುವುದು ಮಾಡಿದ ಕೆಲಸದಿಂದ. ಪುಟ್ಟ ಹಡಗಿನಲ್ಲಿ ಹತ್ತು ಸಲ ಹೋರಾಡಿದರೆ ನ್ಯಾವಿಗೇಶನ್ ತಾನಾಗಿ ಏರುತ್ತದೆ. ಫ್ರಿಗೇಟ್‌ನಲ್ಲಿ ಸೋಲುತ್ತಾ ಕೂತರೆ ಏರುವುದು ಸಾಲ ಮಾತ್ರ. ಮೊದಲ ದುಡ್ಡಿನಲ್ಲಿ ಒಳ್ಳೆಯ ನ್ಯಾವಿಗೇಟರ್ ಆಫೀಸರ್‌ನನ್ನು ಇಟ್ಟುಕೊಂಡೆ, ಹಡಗು ಬದಲಿಸಲಿಲ್ಲ.

ಮುಂದೆ ಒಂದು ದಿನ ಅದೇ ಥರದ ಸ್ಪ್ಯಾನಿಷ್ ಫ್ರಿಗೇಟ್ ಎದುರಾಯಿತು. ಈ ಸಲ ಕೋಟೆ ಇರಲಿಲ್ಲ, ನಡುಗಡಲು. ಅದು ತಿರುಗಲು ಹೋಗಿ ಗಾಳಿಗೆ ಮುಖ ಕೊಟ್ಟಿತು. ಆ ಜೋತುಬಿದ್ದ ಹಾಯಿ ನೋಡಿ ಒಳಗಿರುವ ಕ್ಯಾಪ್ಟನ್ ಮೇಲೆ ನನಗೆ ಕನಿಕರವೇ ಬಂತು. ಒಂದು ಗಂಟೆ ಹಿಡಿಯಿತು. ಗೆದ್ದು, ರಮ್, ಔಷಧಿ, ಮದ್ದು ಇಳಿಸಿಕೊಂಡು, ಫ್ರಿಗೇಟನ್ನು ಅಲ್ಲೇ ಮುಳುಗಿಸಿ ಬಂದೆ. ಕೈ ನಡುಗಿತು, ಸುಳ್ಳು ಹೇಳುವುದಿಲ್ಲ.

ನೀವು ಮುಳುಗಿಸಬೇಕಿಲ್ಲ. ಹಡಗು ಕಟ್ಟೆಗೆ ಹೋಗಿ ಮಾರಿ, ಬಂದಷ್ಟು ಬರಲಿ, ಲೆಕ್ಕ ಹಾಕುತ್ತಾ ಕೂರಬೇಡಿ. ಒಂದು ಲಗರ್ ಇಲ್ಲವೇ ಸ್ಕೂನರ್ ಕೊಳ್ಳಿ, ನಿಮ್ಮ ಜನರಲ್ಲಿ ಬೇಕಾದಷ್ಟು ಮಂದಿಯನ್ನು ಇಟ್ಟುಕೊಂಡು ಉಳಿದವರನ್ನು ಕಳಿಸಿ. ಕ್ಯಾರೆಕ್ಟರ್ ಪುಟ ತೆರೆದು ಅಂಕಿಗಳ ಬಣ್ಣ ನೋಡಿ. ಡೈರಿ ಓದಿ ಗಡುವು ದಾಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ದಾಟಿದ್ದರೆ ಹೊಸದಾಗಿ ಶುರು ಮಾಡುವುದೇ ವಾಸಿ, ನಿಮ್ಮ ಗಂಟೆಗಳು ವ್ಯರ್ಥ ಅಲ್ಲ, ಈಗ ದಾರಿ ಗೊತ್ತಿದೆ. ಪ್ರತಿ ಬಂದರಿನಲ್ಲೂ ಬೇರೆ ಹೆಸರಿನಲ್ಲಿ ಸೇವ್ ಮಾಡಿ.

ಮತ್ತೆ, ಮಾರುವ ಮುಂಚೆ ಫ್ರಿಗೇಟ್‌ನಲ್ಲಿರುವ ಸರಕನ್ನೆಲ್ಲ ಅಂಗಡಿಗೆ ಹಾಕಿ ದುಡ್ಡು ಮಾಡಿಕೊಳ್ಳಿ. ನಾನು ಆಮೇಲೊಮ್ಮೆ ಹಠಕ್ಕೆ ಆ ಹಳೇ ಸೇವ್ ತೆರೆದು ನನ್ನ ಫ್ರಿಗೇಟ್ ಮಾರಿದೆ. ಹೊಸ ಲಗರ್‌ನಲ್ಲಿ ಹೆಮ್ಮೆಯಿಂದ ಬಂದರು ದಾಟಿದ ಮೇಲೆ ನೆನಪಾಯಿತು, ರಮ್ ಎಲ್ಲ ಅದರಲ್ಲೇ ಉಳಿದುಹೋಗಿತ್ತು.