ಕಪ್ಪು ಶೇಲ್‌ನಲ್ಲಿ ಗಡಿ ಹುಡುಕುವುದು ಹೇಗೆ?

ಪ್ರಶ್ನೆ: ಆಳ ಸರೋವರದ ತಳದಲ್ಲಿ ಕೂತ ಪದರಗಳೆಲ್ಲ ಒಂದೇ ತರಹದ ಕಪ್ಪು ಶೇಲ್ (ಪದರ ಪದರವಾದ ಜೇಡಿಕಲ್ಲು). ದಡದ ಕುರುಹಿಲ್ಲ, ಸವೆತದ ಗುರುತೂ ಇಲ್ಲ. ಇದನ್ನು ಶ್ರೇಣಿಗಳಾಗಿ, ಅಂದರೆ ನೀರಿನ ಒಂದೊಂದು ಏರಿಳಿತದಲ್ಲಿ ಕೂತ ಪದರಗಳ ಗುಂಪುಗಳಾಗಿ, ವಿಭಾಗಿಸುವುದು ಹೇಗೆ?
— ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಸಾವಯವ ಇಂಗಾಲದ ಏರಿಳಿತ ನೋಡಿ. ಚೀನಾದ ಓರ್ಡೋಸ್ ಬೇಸಿನ್‌ನಲ್ಲಿ ಟ್ರಯಾಸಿಕ್ ಕಾಲದ ಚಾಂಗ್ 7 ಎಂಬ ಘಟಕವಿದೆ. ಅದರ ತಳಭಾಗದಲ್ಲಿ ಸರೋವರ ಅತಿ ಆಳವಾಗಿತ್ತು, ಇಂಗಾಲವೂ ಅಲ್ಲೇ ಹೆಚ್ಚು. ಮೇಲೆ ಬಂದಂತೆ ಮರಳುಗಲ್ಲು ಹೆಚ್ಚಿ ಇಂಗಾಲ ಇಳಿಯುತ್ತದೆ. ಇಂಗಾಲ ಏರುವ ಭಾಗವನ್ನು ನೀರು ಏರಿದ ಕಾಲ, ಶಿಖರವನ್ನು ನೀರು ಗರಿಷ್ಠ ಹರಡಿದ ಹಂತ, ಇಳಿಯುವ ಭಾಗವನ್ನು ಸರೋವರ ತುಂಬುತ್ತ ಬಂದ ಕಾಲ ಎಂದು ಓದುತ್ತಾರೆ. ಗಡಿ ಬೀಳುವುದು ಕನಿಷ್ಠದ ಆಸುಪಾಸಿನಲ್ಲಿ. ಆದರೆ ಮರಳು ಜೋರಾಗಿ ಬಂದು ಬೆರೆತರೂ ಇಂಗಾಲ ತೆಳುವಾಗುತ್ತದೆ, ಹಾಗಾಗಿ ಕೋರ್ (ಬಾವಿ ಕೊರೆದು ತೆಗೆದ ಕಲ್ಲಿನ ಕಂಬ) ನೋಡದೆ ಗೆರೆ ಎಳೆಯಬೇಡಿ.

ಕೋರ್ ಪುಡಿಯನ್ನು ಮೊದಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ಕಾರ್ಬೊನೇಟ್ ತೆಗೆಯಬೇಕು. ಬಿಟ್ಟರೆ ಸುಣ್ಣದ ಇಂಗಾಲವೂ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಆಮ್ಲ ಪೂರ್ತಿ ಹೋಗುವವರೆಗೆ ತೊಳೆದು ಒಣಗಿಸಿ.

ಪ್ರಶ್ನೆ: ಕೋರ್ ಇಲ್ಲದ ಆಳಗಳಲ್ಲಿ?

ಉತ್ತರ: ಬಾವಿಯ ಲಾಗ್‌ಗಳಿಂದ (ಆಳದುದ್ದಕ್ಕೂ ಉಪಕರಣ ಇಳಿಸಿ ಅಳೆದ ರೇಖೆಗಳು) ಇಂಗಾಲ ಅಂದಾಜಿಸುವ 1990ರ ಪ್ಯಾಸಿ ವಿಧಾನ. ಸೋನಿಕ್ (ಶಬ್ದ ಕಲ್ಲಿನಲ್ಲಿ ಒಂದಡಿ ಸಾಗಲು ಬೇಕಾದ ಸಮಯ) ಮತ್ತು ರೋಧಕತೆಯ (ಕಲ್ಲು ವಿದ್ಯುತ್ತನ್ನು ತಡೆಯುವ ಪ್ರಮಾಣ) ಲಾಗ್‌ಗಳನ್ನು ಒಂದರ ಮೇಲೊಂದು ಇಡಿ. ಅಡಿಗೆ 50 ಮೈಕ್ರೋಸೆಕೆಂಡ್ ವ್ಯತ್ಯಾಸಕ್ಕೆ ರೋಧಕತೆಯ ಹತ್ತುಪಟ್ಟು ಸಮ. ಇಂಗಾಲ ಕಡಿಮೆಯಿರುವ ಶೇಲ್‌ನಲ್ಲಿ ಎರಡೂ ಒಂದಾಗುವಂತೆ ಹೊಂದಿಸಿ, ಅದೇ ಮೂಲರೇಖೆ. ಇಂಗಾಲ ಹೆಚ್ಚಿದಲ್ಲಿ ರೇಖೆಗಳು ಬೇರೆಯಾಗುತ್ತವೆ. ಅದು 10 ಓಮ್-ಮೀಟರ್, 80 ಮೈಕ್ರೋಸೆಕೆಂಡ್ ಎಂದುಕೊಳ್ಳಿ. ಇನ್ನೊಂದು ಆಳದಲ್ಲಿ 40 ಮತ್ತು 95 ಬಂತು. ರೋಧಕತೆ 4 ಪಟ್ಟು, 4ರ ಲಾಗರಿದಮ್ 0.60; ಜೊತೆಗೆ ಸೋನಿಕ್ ವ್ಯತ್ಯಾಸ 15 × 0.02 (50ಕ್ಕೆ 1ರ ಲೆಕ್ಕ) = 0.30, ಒಟ್ಟು ಅಂತರ 0.90. ಪಕ್ವತೆಯ ಅಂಕ (ಸಾವಯವ ಪದಾರ್ಥ ಭೂಮಿಯ ಬಿಸಿಗೆ ಎಷ್ಟು ಬೆಂದಿದೆ ಎಂಬ ಅಳತೆ) 9 ಇದ್ದರೆ ಗುಣಕ ಸುಮಾರು 6, ಅಂದರೆ ಇಂಗಾಲ ಸುಮಾರು 5.4%. ಮೂಲರೇಖೆಯ ಶೇಲ್‌ನಲ್ಲೇ ಇರುವ ಅಲ್ಪ ಇಂಗಾಲವನ್ನು ಇದಕ್ಕೆ ಕೂಡಿಸಿ, ಕೋರ್ ಫಲಿತಾಂಶದೊಂದಿಗೆ ತಾಳೆ ನೋಡಿ.

ಎಡವುವ ಜಾಗಗಳಿವೆ. ತೈಲ ತುಂಬಿದ ಮರಳುಗಲ್ಲಿನಲ್ಲೂ ರೇಖೆಗಳು ಬೇರೆಯಾಗುತ್ತವೆ. ಗಾಮಾ (ಕಲ್ಲಿನ ಸಹಜ ವಿಕಿರಣದ ಲಾಗ್) ಕಡಿಮೆಯಿದ್ದರೆ ಆ ಭಾಗ ಬಿಡಿ. ಬಾವಿಯ ಗೋಡೆ ಕುಸಿದಲ್ಲಿ ಸೋನಿಕ್ ಸುಳ್ಳು ಹೇಳುತ್ತದೆ, ಕ್ಯಾಲಿಪರ್ (ಬಾವಿಯ ಅಗಲದ ಲಾಗ್) ನೋಡಿ. ವಿದ್ಯುತ್ ಹರಿಸುವ ಖನಿಜವಾದ ಪೈರೈಟ್ ಹೆಚ್ಚಿದ್ದರೆ ರೋಧಕತೆ ಬಿದ್ದು ಇಂಗಾಲ ಕಡಿಮೆ ಕಾಣುತ್ತದೆ.

ಪ್ರಶ್ನೆ: ಗಾಮಾ ಒಂದೇ ಸಾಲದೇ?

ಉತ್ತರ: ಸಾಲದು. ಚಾಂಗ್ 7ರಲ್ಲಿ ಯುರೇನಿಯಂ ಇಂಗಾಲದ ಜೊತೆಗೇ ಇರುವುದರಿಂದ ಗಾಮಾ ಏರುತ್ತದೆ ನಿಜ. ಆದರೆ ಅಲ್ಲೇ ಜ್ವಾಲಾಮುಖಿ ಬೂದಿಯ ತೆಳು ಪದರಗಳೂ ಇವೆ. ಅವೂ ಗಾಮಾ ಏರಿಸುತ್ತವೆ, ಇಂಗಾಲ ಮಾತ್ರ ಇರುವುದಿಲ್ಲ. ರೋಹಿತ ಗಾಮಾ ಲಾಗ್ ಇದ್ದರೆ ಯುರೇನಿಯಂ, ಥೋರಿಯಂ ಬೇರೆಬೇರೆಯಾಗಿ ನೋಡಿ. ಬೂದಿಯಲ್ಲಿ ಸಾಮಾನ್ಯವಾಗಿ ಥೋರಿಯಂ ಕೂಡ ಮೇಲಿರುತ್ತದೆ.